ಒಂದೇ ಸರಪಳಿ, ಎರಡು ಮಡಿಕೆ

ಹಿಂದಿನ ಕೋಣೆಗೆ ಅವಳು ಬಂದ ದಿನವೇ ನನಗೆ ಅವಳನ್ನು ಕಂಡರೆ ಆಗಲಿಲ್ಲ. ಕಾರಣಗಳನ್ನು ಹುಡುಕಿಕೊಂಡದ್ದು ಆಮೇಲೆ. ಅವೇನೂ ಕಡಿಮೆ ಸಿಗಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ ಹಳೆಯ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು ನಿವೃತ್ತ ಪ್ರಾಧ್ಯಾಪಕರೊಬ್ಬರು ಸಣ್ಣದೊಂದು ಪ್ರಯೋಗಾಲಯ ನಡೆಸುತ್ತಿದ್ದರು. ನಮಗೆಲ್ಲ ಅವರು ‘ಸರ್’. ಬೀದಿಗೆ ಮುಖ ಮಾಡಿದ ಕೋಣೆ ನನ್ನದು. ಅಲ್ಲಿ ನಾನು ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಪೋಣಿಸಿ ಸರಪಳಿ ಕಟ್ಟುತ್ತಿದ್ದೆ. ಹಿಂಭಾಗದಲ್ಲಿ, ಮೊದಲು ಕಾರು ನಿಲ್ಲಿಸುತ್ತಿದ್ದ ಷೆಡ್ಡಿಗೆ ಸುಣ್ಣ ಬಳಿಸಿ, ಅವಳಿಗೆ ಕೊಟ್ಟರು.

ಬಸವನಗುಡಿಯ ಹುಡುಗಿ, ನನಗಿಂತ ಸಾಕಷ್ಟು ಚಿಕ್ಕವಳು. ಬ್ಯಾಕ್ಟೀರಿಯಾಗಳ ಕೈಯಲ್ಲಿ ಪ್ರೋಟೀನು ಮಾಡಿಸುವುದು ಅವಳ ಕೆಲಸ. ಸಾರಿನಂಥ ದ್ರವದೊಳಗೆ ಬ್ಯಾಕ್ಟೀರಿಯಾ ಬಿಟ್ಟು, ಫ್ಲಾಸ್ಕುಗಳನ್ನು ಅಲ್ಲಾಡಿಸುವ ಯಂತ್ರದಲ್ಲಿ ಕೂರಿಸಿ ಸಂಜೆ ಮನೆಗೆ ಹೋದರೆ ಬೆಳಿಗ್ಗೆ ಬರುವ ಹೊತ್ತಿಗೆ ಅವು ತಮ್ಮ ಪಾಡಿಗೆ ಕೆಲಸ ಮುಗಿಸಿರುತ್ತಿದ್ದವು. ನಾನು ಒಂದು ಅಮೈನೋ ಆಮ್ಲ ಸೇರಿಸಲು ಅರ್ಧ ದಿನ ನಿಂತಿರಬೇಕು. ಅವಳು ನಿದ್ದೆ ಮಾಡುವಾಗಲೂ ಅವಳ ಕೆಲಸ ಸಾಗುತ್ತಿತ್ತು. ಹೊಟ್ಟೆ ಉರಿಯಲು ಇಷ್ಟು ಸಾಲದೇ?

ಸಾಲದು ಎಂಬಂತೆ ವಾಸನೆಯ ವಿಷಯ ಬೇರೆ. ನನ್ನ ಕೆಲಸದಲ್ಲಿ ಪಿಪರಿಡೀನ್ ಎಂಬ ದ್ರವ ಬಳಸಬೇಕು. ಕೊಳೆತ ಮೀನಿಗೆ ಮೆಣಸು ಹಾಕಿದಂಥ ವಾಸನೆ ಅದರದು. ಎಷ್ಟು ತೊಳೆದರೂ ಕೈ ಬಿಡದು. ಸಂಜೆ ಮಾರ್ಕೆಟ್ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೂವಿನ ಬುಟ್ಟಿಯ ಹೆಂಗಸರು ಸಹ ಸೆರಗಿನಿಂದ ಮೂಗು ಮುಚ್ಚಿಕೊಂಡು ಬೇರೆ ಸೀಟು ನೋಡಿಕೊಳ್ಳುತ್ತಿದ್ದರು. ಅವಳು ಬೆಳಿಗ್ಗೆ ಮುಡಿದ ಮಲ್ಲಿಗೆ ಸಂಜೆಯವರೆಗೂ ಮಲ್ಲಿಗೆಯ ಹಾಗೇ ಘಮ್ಮನ್ನುತ್ತಿತ್ತು. ಒಂದು ಹೊಸ ಫ್ರಿಜ್ಜು ಕೊಡಿಸಿ ಎಂದು ನಾನು ಸರ್ ಅವರನ್ನು ಕೇಳಿ ಕೇಳಿ ಬಾಯಿ ನೋಯಿಸಿಕೊಂಡಿದ್ದೆ. ಅವಳು ಬಂದ ಕೂಡಲೇ ಹಿತ್ತಿಲಲ್ಲಿ ಒಂದು ಇಡೀ ತಣ್ಣನೆಯ ಕೋಣೆ ಎದ್ದಿತು, ಅದಕ್ಕೊಂದು ಜನರೇಟರೂ ಬಂತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಎಷ್ಟು ನಿಜ! ಮುಂದಿನ ಕೋಣೆಯಲ್ಲಿದ್ದರೂ ಹಿತ್ತಲ ಗಿಡ ನಾನೇ ಆಗಿದ್ದೆ.

ಹೀಗಿರುವಾಗ ಚೇಳಿನ ಕೆಲಸ ಬಂತು. ನೋವು ಶಮನದ ಔಷಧಿಗಳ ಮೇಲೆ ಕೆಲಸ ಮಾಡುವ ತಂಡವೊಂದಕ್ಕೆ, ಒಂದು ಜಾತಿಯ ಚೇಳಿನ ವಿಷದಲ್ಲಿರುವ ಪುಟ್ಟ ಪ್ರೋಟೀನು ಬೇಕಾಗಿತ್ತು. ಚೇಳು ಹಿಡಿದು ಹಿಂಡಿದರೆ ಸಿಗುವುದು ಹನಿಯಲ್ಲಿ ಹನಿ, ಆದ್ದರಿಂದ ಅದನ್ನು ಮಾಡಿಕೊಡಬೇಕು. ಸರ್ ನಮ್ಮಿಬ್ಬರನ್ನೂ ಪಡಸಾಲೆಯಲ್ಲಿ ಕೂರಿಸಿಕೊಂಡರು.

“ನೋಡ್ರಮ್ಮಾ, ಎರಡೆರಡು ಒಲೆ ಉರಿಸೋ ಶಕ್ತಿ ಇನ್ನು ನನಗಿಲ್ಲ. ಇಬ್ರೂ ನಿಮ್ಮ ನಿಮ್ಮ ದಾರೀಲಿ ಮಾಡಿ. ಯಾರ ಕೋಣೆಯಿಂದ ಸರಿಯಾದ ಪ್ರೋಟೀನು ಬರುತ್ತೋ ಆ ಕೋಣೆ ಉಳಿಯುತ್ತೆ. ಇನ್ನೊಂದನ್ನ ಮುಚ್ಚಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ.”

ಅವಳು “ಆಯ್ತು ಸರ್” ಅಂದಳು. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂದು ಒಳಗೇ ಅಂದುಕೊಂಡೆ.

ನನ್ನ ಗಂಡನಿಗೆ ನಗರ್ತಪೇಟೆಯಲ್ಲಿ ಗುಂಡಿ, ಮಣಿ, ಜರತಾರಿ ಅಂಚುಗಳ ಸಗಟು ಅಂಗಡಿ. ಆವತ್ತು ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನಾನು ಎಲ್ಲವನ್ನೂ ಹೇಳಿದೆ. ಅವರು ಕೇಳಿದರು, “ನಿನ್ನದು ಪಾಲಿಪೆಪ್ಟೈಡು, ಅವಳದ್ದು ಪ್ರೋಟೀನು ಅಂತೀಯಲ್ಲ, ಎರಡೂ ಒಂದೇ ಅಲ್ವಾ?”

“ಅವಳದ್ದೂ ಪಾಲಿಪೆಪ್ಟೈಡೇ ರೀ! ಅದನ್ನೇ ಹೇಳ್ತಿರೋದು.”

ಅಂಗಡಿಯಿಂದ ಬಂದ ಮಣಿಸರವೊಂದನ್ನು ತಟ್ಟೆಯ ಪಕ್ಕ ಇಟ್ಟು ತೋರಿಸಿದೆ. ಒಂದೊಂದು ಮಣಿಯೂ ಒಂದು ಅಮೈನೋ ಆಮ್ಲ. ಮುಖ್ಯವಾಗಿ ಇಪ್ಪತ್ತು ಬಗೆಯವಿವೆ. ಒಂದರ ಆಮ್ಲದ ತುದಿ ಇನ್ನೊಂದರ ಅಮೈನ್ ತುದಿಯ ಕೈ ಹಿಡಿಯುವಾಗ ನಡುವಿನಿಂದ ಒಂದು ನೀರಿನ ಅಣು ಉದುರಿ ಹೋಗುತ್ತದೆ. ಆ ಹಿಡಿತಕ್ಕೆ ಪೆಪ್ಟೈಡ್ ಬಂಧ ಎಂದು ಹೆಸರು. ಕೆಲವೇ ಮಣಿಗಳಿದ್ದರೆ ಪೆಪ್ಟೈಡ್, ಬಹಳ ಇದ್ದರೆ ಪಾಲಿಪೆಪ್ಟೈಡ್. ಆದರೆ ಸರ ಸುಮ್ಮನೆ ಬಿದ್ದಿದ್ದರೆ ಅದರಿಂದ ಯಾವ ಕೆಲಸವೂ ಆಗದು. ಅದು ತನ್ನದೇ ಆದ ಒಂದು ಆಕಾರಕ್ಕೆ ಮಡಚಿಕೊಂಡು, ಅಲ್ಲಿದ್ದ ಮಣಿ ಇಲ್ಲಿನ ಮಣಿಯ ಪಕ್ಕಕ್ಕೆ ಬಂದು ಕೂತಾಗ ಅದು ಪ್ರೋಟೀನು. ಕೆಲವು ಪ್ರೋಟೀನುಗಳಲ್ಲಿ ಒಂದೇ ಸರ, ಕೆಲವುಗಳಲ್ಲಿ ಹಲವು. ರಕ್ತವನ್ನು ಕೆಂಪಾಗಿಸುವ ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಸರಗಳು ಒಟ್ಟಿಗೆ ಸೇರಿವೆ.

“ಅಂದ್ರೆ ಸರ ಗಂಟಾದ್ರೆ ಪ್ರೋಟೀನು” ಅಂದರು.

“ಗಂಟಲ್ಲ ರೀ. ಪ್ರತಿ ಸಲಾನೂ ಅದೇ ಥರ, ಒಂಚೂರೂ ಆಚೀಚೆ ಆಗದ ಹಾಗೆ ಮಡಚಿಕೊಳ್ಳಬೇಕು.”

“ಅವಳ ಬ್ಯಾಕ್ಟೀರಿಯಾ ಮಡಚಿ ಕೊಟ್ಬಿಡುತ್ತಾ?”

ಆ ಪ್ರಶ್ನೆಯೇ ನನಗೆ ಮುಳ್ಳಾಗಿತ್ತು. ಕೊಡಬಹುದು ಎಂದೆ. ಅವತ್ತು ಮಜ್ಜಿಗೆ ಅನ್ನ ನನಗೆ ರುಚಿಸಲಿಲ್ಲ.

ಚೇಳಿನ ಸರಪಳಿಯಲ್ಲಿ ನಲವತ್ತಕ್ಕೆ ತುಸು ಕಡಿಮೆ ಅಮೈನೋ ಆಮ್ಲಗಳಿದ್ದವು. ಜೀವಕೋಶ ಅದನ್ನು ತಲೆಯಿಂದ ಬಾಲದ ಕಡೆಗೆ ಕಟ್ಟುತ್ತದೆ. ನಾವು ಬಾಲದಿಂದ ತಲೆಯ ಕಡೆಗೆ ಕಟ್ಟುತ್ತೇವೆ. ಸಾಬುದಾನಿಯ ನುಚ್ಚಿನಂಥ ರಾಳದ ಕಾಳುಗಳಿಗೆ ಕೊನೆಯ ಅಮೈನೋ ಆಮ್ಲವನ್ನು ಮೊದಲು ಅಂಟಿಸಿ, ಕಾಳುಗಳನ್ನು ತಳದಲ್ಲಿ ಜರಡಿಯಿರುವ ಗಾಜಿನ ಪಾತ್ರೆಗೆ ಹಾಕುತ್ತೇವೆ. ಆ ಅಮೈನೋ ಆಮ್ಲದ ತುದಿಗೊಂದು ರಕ್ಷಣೆಯ ಟೋಪಿ ಇರುತ್ತದೆ. ಪಿಪರಿಡೀನ್ ಹಾಕಿ ಟೋಪಿ ತೆಗೆಯಬೇಕು, ತೊಳೆಯಬೇಕು, ಮುಂದಿನ ಅಮೈನೋ ಆಮ್ಲ ಹಾಕಬೇಕು, ಅದು ಕೂರುವವರೆಗೆ ಅನಿಲದ ಗುಳ್ಳೆ ಹಾಯಿಸುತ್ತ ಕಲಕಬೇಕು, ಮತ್ತೆ ತೊಳೆಯಬೇಕು. ಕೂತಿತೋ ಇಲ್ಲವೋ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ನಾಲ್ಕು ಕಾಳು ತೆಗೆದು ನಿನ್‌ಹೈಡ್ರಿನ್ ಎಂಬ ದ್ರಾವಣದೊಂದಿಗೆ ಬಿಸಿ ಮಾಡಿದರೆ, ಜೊತೆ ಸಿಗದೆ ಉಳಿದ ತುದಿಗಳಿದ್ದರೆ ಕಾಳು ನೀಲಿಯಾಗುತ್ತದೆ. ಎಲ್ಲಕ್ಕೂ ಜೊತೆ ಸಿಕ್ಕಿದ್ದರೆ ಹಳದಿಯಾಗಿ ಉಳಿಯುತ್ತದೆ. ನೀಲಿ ಬಂದರೆ ಮತ್ತೆ ಅದೇ ಅಮೈನೋ ಆಮ್ಲ, ಹಳದಿ ಬಂದರೆ ಮುಂದಕ್ಕೆ.

ಆ ದಿನಗಳಲ್ಲಿ ನನಗೆ ಕನಸಿನಲ್ಲೂ ನೀಲಿ ಹಳದಿ. ಪಾತ್ರೆ ಕೈಯಲ್ಲಿದ್ದಾಗ ಮಾತ್ರ ಅವಳು ಮನಸ್ಸಿಗೆ ಬರುತ್ತಿರಲಿಲ್ಲ. ನನ್ನ ಕೈಯ ಬಗ್ಗೆ ನನಗೆ ಜಂಬವಿತ್ತು, ಅದನ್ನು ಮುಚ್ಚಿಡುವುದೇಕೆ? ಸರಪಳಿ ಮುಗಿಯಿತು. ತೀಕ್ಷ್ಣ ಆಮ್ಲದಲ್ಲಿ ರಾಳದಿಂದ ಬಿಡಿಸಿ, ತಣ್ಣನೆಯ ಈಥರಿಗೆ ಸುರಿದಾಗ ಬೆಳ್ಳಗೆ ಪುಡಿ ಇಳಿಯಿತು. ಅದರ ತೂಕ ನೋಡಲು ದೊಡ್ಡ ಸಂಸ್ಥೆಯೊಂದರ ಯಂತ್ರಕ್ಕೆ ಕಳಿಸಿದೆವು. ಆ ಯಂತ್ರ ಒಂದು ಅಣು ಎಷ್ಟು ತೂಗುತ್ತದೆ ಎಂದು ಹೇಳುತ್ತದೆ.

ಉತ್ತರ ಬಂತು. ನನ್ನ ಅಣು ಇರಬೇಕಾದ್ದಕ್ಕಿಂತ ಕಡಿಮೆ ತೂಗುತ್ತಿತ್ತು. ಕೊರತೆ ಸರಿಯಾಗಿ ಒಂದು ಅಮೈನೋ ಆಮ್ಲದಷ್ಟು, ಒಂದು ವ್ಯಾಲೀನ್‌ನಷ್ಟು.

ಒಂದು ಮಣಿ ಪೋಣಿಸಲು ಬಿಟ್ಟುಹೋಗಿತ್ತು! ಆದರೆ ಪ್ರತಿ ಹೆಜ್ಜೆಯಲ್ಲೂ ನಾನು ಹಳದಿ ನೋಡಿಯೇ ಮುಂದೆ ಹೋಗಿದ್ದೆ. ಸರಪಳಿಯ ನಕ್ಷೆ ಹರಡಿಕೊಂಡು ಕೂತೆ. ವ್ಯಾಲೀನ್ ಮೂರು ಕಡೆ ಇತ್ತು. ಅದರಲ್ಲೊಂದು ಪ್ರೋಲೀನ್ ಮೇಲೆ ಕೂರಬೇಕಾದದ್ದು. ನೋಡಿದ ತಕ್ಷಣ ತಲೆ ಚಚ್ಚಿಕೊಂಡೆ. ಅಮೈನೋ ಆಮ್ಲಗಳಲ್ಲಿ ಪ್ರೋಲೀನ್ ಒಂದು ಬೇರೆಯೇ ಜಾತಿ. ಅದರ ತುದಿ ಉಂಗುರದೊಳಗೆ ಸಿಕ್ಕಿಕೊಂಡಿರುವುದರಿಂದ ಅದಕ್ಕೆ ಜೊತೆ ಸಿಗದಿದ್ದರೂ ನಿನ್‌ಹೈಡ್ರಿನ್ ನೀಲಿ ತೋರಿಸುವುದಿಲ್ಲ. ವ್ಯಾಲೀನ್ ಮೈ ದಪ್ಪ, ಇಕ್ಕಟ್ಟಿನಲ್ಲಿ ಕೂರಲು ಒಪ್ಪದು. ಅದು ಕೂತಿರಲೇ ಇಲ್ಲ, ಕಾಳು ಹಳದಿಯಾಗಿಯೇ ಇತ್ತು. ಅದರ ಮುಂದಿನ ಗ್ಲೈಸೀನ್ ಪುಟ್ಟದು, ಸಲೀಸಾಗಿ ನುಗ್ಗಿ ಕೂತುಬಿಟ್ಟಿತ್ತು. ನಮ್ಮ ಕಸುಬಿನವರು ಮಾತ್ರ ಮಾಡುವ ತಪ್ಪು ಇದು, ಅದರಲ್ಲೂ ಕೈ ಪಳಗಿದವರೇ ಮಾಡುವ ತಪ್ಪು. ಹೊಸಬರಾದರೆ ಪುಸ್ತಕ ತೆರೆದು ನೋಡುತ್ತಾರೆ.

ಅದೇ ಸಂಜೆ ಹಿಂದಿನ ಕೋಣೆಯಿಂದ ಅವಳು ಬಂದು, “ಮೇಡಂ, ನನ್ನದರ ತೂಕ ಸರಿ ಬಂತು” ಅಂದಳು. ಮುಖ ಅರಳಿತ್ತು.

“ಒಳ್ಳೇದಾಯ್ತು ಬಿಡಿ” ಅಂದೆ. ಅವಳಿಗೆ ನಾನು ಬೇಕೆಂದೇ ಬಹುವಚನ ಹಚ್ಚುತ್ತಿದ್ದೆ, ಹತ್ತಿರ ಬರದಿರಲಿ ಎಂದು.

ಮತ್ತೆ ಬಾಲದಿಂದ ಶುರುಮಾಡಿದೆ. ಈ ಸಲ ಪ್ರೋಲೀನ್ ಬಂದಾಗ ಕ್ಲೋರಾನಿಲ್ ಎಂಬ ಬೇರೆ ಪರೀಕ್ಷೆ ಮಾಡಿದೆ. ವ್ಯಾಲೀನನ್ನು ಮತ್ತೆ ಮತ್ತೆ ಹಾಕಿ, ಹಟ ಮಾಡುವ ಮಗುವನ್ನು ಬೆಂಚಿಗೆ ಕೂರಿಸುವ ಹಾಗೆ ಕೂರಿಸಿದೆ. ಪಾತ್ರೆಯಲ್ಲಿ ಗುಳ್ಳೆ ಏಳುತ್ತಿದ್ದಷ್ಟು ಹೊತ್ತೂ ಹಿತ್ತಿಲಿನಿಂದ ಅವಳ ನಗು ಕೇಳುತ್ತಿತ್ತು. ಸರ್ ದಿನಕ್ಕೆರಡು ಸಲ ಹಿಂದಿನ ಕೋಣೆಗೆ ಹೋಗುತ್ತಿದ್ದರು, ನನ್ನ ಬಾಗಿಲಲ್ಲಿ ಒಂದು ಸಲ ಇಣುಕುತ್ತಿದ್ದರು. ನಾನು ಎಣಿಸಬಾರದು ಎಂದುಕೊಂಡೇ ಎಣಿಸುತ್ತಿದ್ದೆ.

ಎರಡನೆಯ ಸರಪಳಿಯ ತೂಕ ಕರಾರುವಾಕ್ಕಾಗಿ ಬಂತು. ನನ್ನ ಕೈಯಲ್ಲೀಗ ಸರಿಯಾದ ಪಾಲಿಪೆಪ್ಟೈಡ್ ಇತ್ತು. ಪ್ರೋಟೀನು ಇರಲಿಲ್ಲ.

ಮಡಚುವ ಕೆಲಸ ಬಾಕಿ. ಈ ಸರಪಳಿಯಲ್ಲಿ ಆರು ಕಡೆ ಸಿಸ್ಟೀನ್ ಎಂಬ ಅಮೈನೋ ಆಮ್ಲವಿದೆ, ಅದರ ತುದಿಯಲ್ಲಿ ಗಂಧಕ. ಎರಡೆರಡು ಗಂಧಕಗಳು ಕೈ ಹಿಡಿದು ಒಟ್ಟು ಮೂರು ಕೊಂಡಿಗಳಾಗಬೇಕು. ಆರು ಜನ ಹದಿನೈದು ಬಗೆಯಲ್ಲಿ ಜೋಡಿಯಾಗಬಹುದು, ಚೇಳಿಗೆ ಗೊತ್ತಿರುವುದು ಒಂದೇ ಬಗೆ. ಅದನ್ನು ಕಂಡುಕೊಳ್ಳಲು ಸರಪಳಿಗೆ ಜಾಗ ಬೇಕು, ಸಮಯ ಬೇಕು. ನನ್ನ ಹತ್ತಿರ ಸಮಯವಿಲ್ಲ ಎಂದು ನಾನು ತೀರ್ಮಾನಿಸಿಕೊಂಡಿದ್ದೆ. ಅವಳದ್ದು ಆಗಿಹೋಗಿದೆ ಎಂಬ ಒಂದೇ ಉರಿಯಲ್ಲಿ ಪುಡಿಯ ಅರ್ಧ ಭಾಗವನ್ನು ಸಣ್ಣ ಫ್ಲಾಸ್ಕಿನಲ್ಲಿ ಗಟ್ಟಿಯಾಗಿ ಕರಗಿಸಿ ನನ್ನ ಹಳೆಯ ಫ್ರಿಜ್ಜಿನಲ್ಲಿಟ್ಟೆ. ಮಧ್ಯಾಹ್ನ ಪೂರ್ತಿ ಕರೆಂಟು ಹೋಯಿತು. ತೆಗೆದು ನೋಡಿದಾಗ ಹಾಲು ಒಡೆದ ಹಾಗೆ ಬಿಳಿ ಚೂರುಗಳು ತೇಲುತ್ತಿದ್ದವು. ಸರಪಳಿಗಳು ತಮ್ಮೊಳಗೆ ಮಡಚಿಕೊಳ್ಳುವ ಬದಲು ಒಂದಕ್ಕೊಂದು ತಬ್ಬಿಕೊಂಡು ಕೂತಿದ್ದವು. ಆತುರಗಾರನಿಗೆ ಬುದ್ಧಿ ಮಟ್ಟ. ಆತುರಗಾರ್ತಿಗೆ ಇನ್ನೂ ಮಟ್ಟ.

ಮನೆಗೆ ಬಂದು ಕರೆಂಟಿನವರನ್ನೂ ಫ್ರಿಜ್ಜನ್ನೂ ಬೈದೆ. ಅವಳಿಗೆ ತಣ್ಣನೆಯ ಕೋಣೆ ಕೊಟ್ಟ ಸರ್ ಅವರನ್ನೂ ಬಿಡಲಿಲ್ಲ. ಗಂಡ ಕೇಳಿಸಿಕೊಂಡು, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಅಂದರು.

“ನೆಲ ನಿಜವಾಗ್ಲೂ ಡೊಂಕು ರೀ!”

“ಹಾಗಾದ್ರೆ ಸಮ ಇರೋ ನೆಲ ಕೇಳ್ಕೊ. ನಮ್ಮ ಬೀದೀಲಿ ನೋಡು, ಗಿರಾಕಿ ಕೇಳಿದ ಮಾಲು ಇಲ್ಲದೆ ಇದ್ರೆ ನಾವು ಇಲ್ಲ ಅಂತ ಹೇಳೋದೇ ಇಲ್ಲ. ಕೂತ್ಕೊಳ್ಳಿ, ಗೋಡೌನಿಂದ ತರಿಸ್ತೀನಿ ಅಂತೀವಿ. ಹಿಂದಿನ ಬಾಗಿಲಿಂದ ಎದುರಂಗಡಿಗೆ ಆಳು ಓಡ್ತಾನೆ. ನಮ್ಮ ಗೋಡೌನು ಅಂದ್ರೆ ಎದುರಂಗಡಿಯವನೇ.”

“ಎದುರಂಗಡಿಯವನನ್ನ ಕಂಡ್ರೆ ನಿಮಗೆ ಆಗೋದೇ ಇಲ್ಲವಲ್ಲ?”

“ಆಗೋದಿಲ್ಲ. ಅವನ ಮಾಲು ಆಗುತ್ತೆ.”

ಅವರ ಮಾತಿಗೆ ಮನಸ್ಸು ಕರಗಿ ನಾನು ಹೋದೆ ಎಂದು ಯಾರೂ ತಿಳಿಯಬಾರದು. ಉಳಿದ ಅರ್ಧ ಪುಡಿಯೂ ಒಡೆದರೆ ನನ್ನ ಕೋಣೆಗೆ ಬೀಗ ಬೀಳುತ್ತಿತ್ತು, ಅದಕ್ಕೇ ಹೋದೆ. ಮರುದಿನ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, ತಣ್ಣನೆಯ ಕೋಣೆಯಲ್ಲಿ ಸ್ವಲ್ಪ ಜಾಗ ಬೇಕಿತ್ತು ಎಂದೆ.

“ಅಯ್ಯೋ, ಅದಕ್ಕೇನು ಮೇಡಂ, ಬನ್ನಿ” ಎಂದು ಅವಳು ತನ್ನ ಬಾಟಲಿಗಳನ್ನು ಒಂದು ಮೂಲೆಗೆ ಸರಿಸಿದಳು. “ಎಷ್ಟು ದೊಡ್ಡ ಪಾತ್ರೆ? ನನ್ನ ಹತ್ರ ಗಾಜಿನ ದೊಡ್ಡ ಜಾಡಿ ಇದೆ, ತೊಗೊಳ್ಳಿ.”

ಒಂದು ಮಾತು ಕೊಂಕಿಲ್ಲ, ಒಂದು ಪ್ರಶ್ನೆಯಿಲ್ಲ. ಒಳ್ಳೆಯವಳಾಗಿರುವುದು ಕೂಡ ಅವಳಿಗೇ ಸುಲಭವಾಗಿ ಬರುತ್ತಿತ್ತಲ್ಲ ಎಂದು ಇನ್ನಷ್ಟು ಉರಿದುಕೊಂಡೆ. ಆದರೂ ಜಾಡಿ ತೆಗೆದುಕೊಂಡೆ.

ಈ ಸಲ ಅವಸರವನ್ನು ಬಿಟ್ಟೆ. ಜಾಡಿ ತುಂಬ ದ್ರಾವಣ ಮಾಡಿ, ಅದರಲ್ಲಿ ಪುಡಿಯನ್ನು ತೀರ ತೆಳುವಾಗಿ, ಹನಿಹನಿಯಾಗಿ ಬಿಟ್ಟೆ. ಒಂದು ಸರಪಳಿಗೆ ಇನ್ನೊಂದು ಸಿಗಬಾರದು, ತನ್ನನ್ನು ತಾನೇ ಹುಡುಕಿಕೊಳ್ಳಬೇಕು. ಜೊತೆಗೆ ಗ್ಲುಟಾಥಯೋನ್ ಎಂಬ ವಸ್ತುವಿನ ಎರಡು ರೂಪಗಳನ್ನೂ ಸೇರಿಸಿದೆ. ಅದಿದ್ದರೆ ಗಂಧಕದ ಕೊಂಡಿಗಳು ಕಟ್ಟಿಕೊಳ್ಳುವಂತೆ ಬಿಚ್ಚಿಕೊಳ್ಳಲೂ ಬಹುದು. ತಪ್ಪು ಕೈ ಹಿಡಿದವು ಬಿಟ್ಟು, ಮತ್ತೆ ಹುಡುಕಿ, ಸರಿಯಾದ ಕೈ ಸಿಕ್ಕಾಗ ನೆಲೆ ನಿಲ್ಲುತ್ತವೆ. ಜಾಡಿಯನ್ನು ಅವಳ ತಣ್ಣನೆಯ ಕೋಣೆಯಲ್ಲಿಟ್ಟು ನಾಲ್ಕು ದಿನ ಮುಟ್ಟಲಿಲ್ಲ. ಅದರ ಪಕ್ಕದಲ್ಲೇ ಅವಳ ಬಾಟಲಿಗಳಿದ್ದವು. ಒಂದೊಂದರಲ್ಲೂ ನನ್ನ ಜಾಡಿಯಲ್ಲಿದ್ದದ್ದರ ಎಷ್ಟೋ ಪಟ್ಟು ಇತ್ತು. ಬಾಗಿಲು ತೆರೆದಾಗಲೆಲ್ಲ ನನ್ನ ಕಣ್ಣು ಮೊದಲು ಅವುಗಳ ಮೇಲೆಯೇ ಹೋಗುತ್ತಿತ್ತು.

ದ್ರಾವಣ ತಿಳಿಯಾಗಿಯೇ ಉಳಿಯಿತು. ಅದನ್ನು ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕಿದೆ. ಕಲಸಿದ್ದನ್ನು ಬೇರ್ಪಡಿಸಿ, ಒಂದೊಂದು ವಸ್ತು ಹೊರಬಂದಾಗಲೂ ಕಾಗದದ ಮೇಲೆ ಒಂದೊಂದು ಶಿಖರ ಬರೆಯುವ ಯಂತ್ರ ಅದು. ಪೆನ್ನು ಒಂದು ಚೂಪಾದ, ಒಂಟಿ ಶಿಖರ ಬರೆಯಿತು. ಅಣುತೂಕವೂ ಸರಿ ಬಂತು. ಈಗ ನಮ್ಮಿಬ್ಬರ ತೂಕವೂ ಒಂದೇ.

“ಎರಡನ್ನೂ ಬೆರೆಸಿ ಹಾಕಿ ನೋಡೋಣ” ಅಂದರು ಸರ್. ಎರಡೂ ಒಂದೇ ಆಗಿದ್ದರೆ ಒಂದೇ ಶಿಖರ ಬರಬೇಕು. ಪಡಸಾಲೆಯಲ್ಲಿ ಮೂವರೂ ಯಂತ್ರದ ಮುಂದೆ ನಿಂತೆವು. ಪೆನ್ನು ಮೇಲೆ ಹೋಯಿತು, ಇಳಿಯಿತು. ಇಳಿದದ್ದು ಪೂರ್ತಿ ಇಳಿಯಲಿಲ್ಲ, ಮತ್ತೆ ಹತ್ತಿತು. ಎರಡು ಶಿಖರ.

ಅವಳ ಮುಖ ನೋಡಿದೆ. ಅವಳು ನನ್ನದನ್ನು ನೋಡುತ್ತಿದ್ದಳು.

“ಯಾರೋ ಒಬ್ಬರದು ತಪ್ಪಾಗಿ ಮಡಚಿದೆ” ಎಂದರು ಸರ್. ಸರಪಳಿ ಅದೇ, ತೂಕ ಅದೇ. ಕೊಂಡಿಗಳ ಜೋಡಿ ಬೇರೆ. ತೂಗುವ ಯಂತ್ರಕ್ಕೆ ಇದು ತಿಳಿಯುವುದಿಲ್ಲ, ಹೇಳಬೇಕಾದದ್ದು ನರವೇ. ಎರಡು ಪುಟ್ಟ ಸೀಸೆಗಳ ಮೇಲೆ ಹೆಸರಿಲ್ಲದೆ ಗುರುತು ಮಾತ್ರ ಹಾಕಿ ಆ ತಂಡಕ್ಕೆ ಕಳಿಸಿದೆವು. ಅವರು ಕಪ್ಪೆಯ ನರದ ತುಂಡಿನ ಮೇಲೆ ಹಾಕಿ, ಅದರ ವಿದ್ಯುತ್ ಸಂಕೇತ ಬದಲಾಗುತ್ತದೆಯೇ ಎಂದು ನೋಡುವವರಿದ್ದರು.

ಕಾಯುವ ದಿನಗಳಲ್ಲಿ ನಾನು ದೇವರನ್ನು ಬೇಡಿಕೊಂಡದ್ದು ನನ್ನದು ಗೆಲ್ಲಲಿ ಎಂದಲ್ಲ, ಅವಳದ್ದು ಸೋಲಲಿ ಎಂದು. ಎರಡೂ ಒಂದೇ ಎನ್ನುವವರಿಗೆ ಹೊಟ್ಟೆಕಿಚ್ಚಿನ ಅನುಭವ ಸಾಲದು.

ಫೋನು ಬಂದಾಗ ಸರ್ ನಿಂತೇ ಮಾತಾಡಿದರು. ರಿಸೀವರು ಇಟ್ಟು ನನ್ನ ಕಡೆ ತಿರುಗಿದರು. “ನಿಮ್ಮದು ಕೆಲಸ ಮಾಡ್ತಿದೆಯಮ್ಮ. ಆ ಇನ್ನೊಂದಕ್ಕೆ ನರ ಏನೂ ಅನ್ನಲಿಲ್ಲವಂತೆ.”

ಆಮೇಲೆ ತಿಳಿದದ್ದು ಇಷ್ಟು. ಬ್ಯಾಕ್ಟೀರಿಯಾದ ಒಡಲೊಳಗೆ ಈ ಗಂಧಕದ ಕೊಂಡಿಗಳು ಸರಿಯಾಗಿ ಕೂಡುವುದಿಲ್ಲ. ಸರಪಳಿಗಳು ಮುದ್ದೆಯಾಗಿ ಕೂತಿದ್ದವು. ಅವಳು ಮುದ್ದೆಯನ್ನು ಕರಗಿಸಿ, ಶುದ್ಧ ಮಾಡಲು ಅನುಕೂಲವಾಗಲೆಂದು ಸರಪಳಿಗೆ ಸೇರಿಸಿದ್ದ ಹೆಚ್ಚಿನ ತುಂಡನ್ನು ಕಿಣ್ವದಿಂದ ಕತ್ತರಿಸಿ, ಗಾಳಿಗೊಡ್ಡಿ ಬೇಗ ಬೇಗ ಮಡಚಿಸಿದ್ದಳು. ತಪ್ಪು ಕೈ ಹಿಡಿದವಕ್ಕೆ ಬಿಡಿಸಿಕೊಳ್ಳುವ ದಾರಿಯೇ ಇರಲಿಲ್ಲ. ಅಂದರೆ ಇಷ್ಟು ದಿನ ಅವಳ ಹತ್ತಿರ ಇದ್ದದ್ದೂ ಸರಿಯಾದ ಪಾಲಿಪೆಪ್ಟೈಡೇ, ಪ್ರೋಟೀನಲ್ಲ.

ನನಗೆ ಸಂತೋಷವಾಯಿತು. ಬಹಳ ಸಂತೋಷವಾಯಿತು. ಗಂಡನನ್ನು ಗಾಂಧಿಬಜಾರಿಗೆ ಕರೆದುಕೊಂಡು ಹೋಗಿ, ಅವಳ ಬಸವನಗುಡಿಯಲ್ಲೇ ಕೂತು, ಮಸಾಲೆ ದೋಸೆ ತಿಂದೆ.

ತಿಂದದ್ದು ಅರಗುವ ಮೊದಲೇ ಸರ್ ಮತ್ತೆ ಕರೆದರು. ಆ ತಂಡಕ್ಕೆ ಇನ್ನೂ ಬೇಕಂತೆ. ಎಷ್ಟು ಎಂದು ಕೇಳಿದೆ. ಅವರು ತೂಕ ಹೇಳಿದರು. ನನ್ನ ಗಾಜಿನ ಪಾತ್ರೆಯಲ್ಲಿ ಅಷ್ಟನ್ನು ಕಟ್ಟಲು ಬಸ್ಸಿನ ತುಂಬ ವಾಸನೆ ಹಬ್ಬಿಸುತ್ತ ಎರಡು ಯುಗಾದಿ ಕಳೆಯಬೇಕಿತ್ತು. ಅಷ್ಟು ಕಾಲ ಅವರು ಕಾಯುವವರಲ್ಲ. ಆಗದು ಎಂದರೆ ಕೆಲಸ ಬೇರೆ ಊರಿಗೆ ಹೋಗುತ್ತದೆ, ಆಮೇಲೆ ಮುಂದಿನ ಕೋಣೆಗೂ ಬೀಗವೇ.

“ಆಗುತ್ತಾಮ್ಮ?” ಎಂದರು.

ಕಿಟಕಿಯಾಚೆ ಹಿತ್ತಿಲಿನಲ್ಲಿ ಅವಳು ಫ್ಲಾಸ್ಕುಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ತಿಂಗಳ ಕೊನೆಗೆ ಅವಳ ಕೋಣೆ ಮುಚ್ಚುವುದೆಂದು ಆಗಿತ್ತು. ಅವಳ ಬಾಟಲಿಗಳು ಇನ್ನೂ ತಣ್ಣನೆಯ ಕೋಣೆಯಲ್ಲೇ ಇದ್ದವು. ನಾನು ಅಸೂಯೆಯಿಂದ ದಿನಾ ನೋಡಿ ನೋಡಿ ಅವುಗಳಲ್ಲಿ ಎಷ್ಟಿದೆ ಎಂದು ಅವಳಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಸರಪಳಿ ಅದೇ, ಮಣಿಗಳ ಕ್ರಮ ಅದೇ. ತಪ್ಪಿದ್ದದ್ದು ಮಡಿಕೆ ಮಾತ್ರ. ಕೊಂಡಿಗಳನ್ನೆಲ್ಲ ಬಿಚ್ಚಿ ನನ್ನ ಜಾಡಿಗೆ ಬಿಟ್ಟರೆ? ಈ ಯೋಚನೆ ಅವಳಿಗೆ ಬಂದಿರಲಿಲ್ಲ, ಸೋತ ದುಃಖದಲ್ಲಿದ್ದಳು. ಸರ್‌ಗೂ ಬಂದಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳು ಹೋಗುತ್ತಿದ್ದಳು, ನಾನೂ ಅವಳ ಹಿಂದೆಯೇ ಹೋಗುತ್ತಿದ್ದೆ.

ಆಗೋದಿಲ್ಲ ಎನ್ನಲು ತೆರೆದ ಬಾಯಲ್ಲಿ ನಗರ್ತಪೇಟೆಯ ಮಾತು ಬಂತು. “ಕೂತ್ಕೊಳ್ಳಿ ಸರ್. ಹಿಂದಿನಿಂದ ತರಿಸ್ತೀನಿ.”

ಹಿತ್ತಿಲಿಗೆ ಹೋಗಿ ನಲ್ಲಿ ನಿಲ್ಲಿಸಿದೆ. “ತೊಳೆದದ್ದು ಸಾಕು. ನಿನ್ನ ಬಾಟಲಿಗಳನ್ನೆಲ್ಲ ಹಾಗೇ ಬಿಡು, ಚೆಲ್ಲಬೇಡ.”

“ಯಾಕೆ ಮೇಡಂ? ಅದು ತಪ್ಪಾಗಿರೋದಲ್ವಾ?”

“ತಪ್ಪಾಗಿ ಮಡಚಿರೋದು. ಬಿಚ್ಚೋಣ.”

ಬಹುವಚನ ಬಿಟ್ಟುಹೋದದ್ದು ನನಗೆ ಆಮೇಲೆ ಗಮನಕ್ಕೆ ಬಂತು. ಅವಳು ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಅವಳ ಸರಪಳಿಯ ಕೊಂಡಿಗಳನ್ನು ರಾಸಾಯನಿಕದಿಂದ ಬಿಚ್ಚಿ, ಶುದ್ಧ ಮಾಡಿ, ದೊಡ್ಡ ಜಾಡಿಯಲ್ಲಿ ತೆಳ್ಳಗೆ ಹನಿಸಿದೆ. ಗ್ಲುಟಾಥಯೋನ್, ತಂಪು, ತಾಳ್ಮೆ, ಎಲ್ಲ ಅದೇ ಲೆಕ್ಕ. ದಿನ ಕಳೆದು, ನಾನು ಕೈಯಿಂದ ಕಟ್ಟಿದ್ದನ್ನೂ ಅವಳದ್ದನ್ನೂ ಬೆರೆಸಿ ಯಂತ್ರಕ್ಕೆ ಹಾಕಿದೆವು. ಪೆನ್ನು ಹತ್ತಿತು, ಇಳಿಯಿತು, ಕೆಳಗೆ ಗೆರೆ ಮುಟ್ಟಿ ಅಲ್ಲೇ ನೇರ ಹರಿಯಿತು. ಒಂದೇ ಶಿಖರ. ಯಾವುದು ನಿಂತು ನಿಂತು ಕಾಲು ನೋಯಿಸಿಕೊಂಡು ಕಟ್ಟಿದ್ದು, ಯಾವುದು ನಿದ್ದೆಯಲ್ಲಿ ಆದದ್ದು ಎಂದು ಯಂತ್ರಕ್ಕೆ ಗುರುತೇ ಸಿಗಲಿಲ್ಲ. ಗೆದ್ದೆವು ಎಂದು ಅವಳು ನನ್ನ ಕೈ ಹಿಡಿದಳು. ಪಿಪರಿಡೀನ್ ವಾಸನೆಯ ಕೈ. ನನಗೆ ಖುಷಿಯೂ ಆಯಿತು, ಅಳುವೂ ಬಂತು, ಅಳು ಅವಳಿಗಾಗಿ ಅಲ್ಲ.

ಯಾಕೆಂದರೆ ಲೆಕ್ಕ ಸ್ಪಷ್ಟವಾಗಿತ್ತು. ಸರಪಳಿ ಅವಳದ್ದೇ ಅಗ್ಗ, ಅವಳದ್ದೇ ಧಾರಾಳ. ಇನ್ನು ಉದ್ದದ ಸರಪಳಿ ನಾನು ಕಟ್ಟುವ ಅಗತ್ಯವಿರಲಿಲ್ಲ. ಎರಡು ಕೋಣೆಗಳೂ ಉಳಿದವು, ಆದರೆ ನನ್ನ ಗಾಜಿನ ಪಾತ್ರೆಯನ್ನು ಕಪಾಟಿನ ಮೇಲಿನ ಅಂಕಣಕ್ಕೆ ಏರಿಸಿದೆ.

ಮೊದಲ ದೊಡ್ಡ ಸೀಸೆ ಹೊರಡುವಾಗ ಸರ್ ಚೀಟಿ ಬರೆಯಲು ಕೂತು, ಇಬ್ಬರಲ್ಲಿ ಯಾರ ಹೆಸರು ಮೊದಲು ಎಂದು ಕೇಳಿದರು.

“ಮೇಡಂ ಹೆಸರು ಬರೀರಿ ಸರ್” ಅಂದಳು ಅವಳು. ನೋಡಿದಿರಾ, ಅದನ್ನೂ ಅವಳೇ ಮೊದಲು ಹೇಳಿಬಿಟ್ಟಳು!

ಹೂಂ ಎಂದಿದ್ದರೆ ಆಗಿಹೋಗುತ್ತಿತ್ತು. ಆದರೆ ಕಲಿತ ವಿದ್ಯೆ ಅಡ್ಡ ಬಂತು. “ಬೇಡ ಸರ್. ಸರಪಳಿ ಮೊದಲು, ಮಡಿಕೆ ಆಮೇಲೆ. ಅವಳ ಹೆಸರೇ ಮೊದಲು ಬರೀರಿ” ಎಂದೆ. ಬರೆದರು. ಆ ಚೀಟಿಯ ಮೇಲಿನ ಹೆಸರಿನ ಕ್ರಮ ನನ್ನನ್ನು ವಾರಗಟ್ಟಲೆ ಕುಟುಕಿತು, ಚೇಳೇ ಕುಟುಕಿದ್ದರೂ ಅಷ್ಟು ದಿನ ಇರುತ್ತಿರಲಿಲ್ಲ.

ಮುಂದೆ ಆ ಬಂಗಲೆಯಲ್ಲಿ ನಾವಿಬ್ಬರೂ ಬಹಳ ಕಾಲ ಕೆಲಸ ಮಾಡಿದೆವು. ಅವಳು ತನ್ನ ಪಾಲಿನ ಕೆಲಸ ಮುಗಿದಾಗಲೆಲ್ಲ ಮಲ್ಲಿಗೆಯ ಘಮದೊಂದಿಗೆ ಬಂದು ಬಾಟಲಿಯನ್ನು ನನ್ನ ಮೇಜಿನ ಮೇಲೆ ಇಟ್ಟು, “ಮೇಡಂ, ಪ್ರೋಟೀನು ತಂದೆ” ಎನ್ನುತ್ತಿದ್ದಳು.

ಒಂದು ಸಲವೂ ನಾನು ಬಿಟ್ಟುಕೊಡಲಿಲ್ಲ. “ಇನ್ನೂ ಅಲ್ಲ” ಎನ್ನುತ್ತಿದ್ದೆ. “ಇದಿನ್ನೂ ಪಾಲಿಪೆಪ್ಟೈಡು. ಅಲ್ಲಿಟ್ಟು ಹೋಗು.”